ಐದನೇ ವಿಂಗ್‌ನ ಗುಂಡಿ

ಮಾರ್ಚ್ 3, ಭಾನುವಾರ

ನಿನ್ನೆ ಸಂಜೆ ನಾಲ್ಕೂವರೆಗೆ, ಏಳೇ ನಿಮಿಷದಲ್ಲಿ, ಡೈವಿಂಗ್ ಕ್ಲಬ್ಬಿನ ಸಮಿತಿ ಗಾಳಿ ತುಂಬಿ ತೇಲುವ ನನ್ನ ಹದಿನಾಲ್ಕು ಜಾಕೆಟ್‌ಗಳನ್ನು ಮೂಲೆಗೆ ತಳ್ಳಿತು. ಆರಿಸಿದವಳು ನಾನು, ಹತ್ತೊಂಬತ್ತು ವರ್ಷ ತೊಳೆದು, ಹೊಲಿದು, ಕಾಪಾಡಿದವಳು ನಾನು. ಕೇಳುವ ಸೌಜನ್ಯವೂ ಇಲ್ಲ. ಇನ್ನು ಮುಂದೆ ಎಲ್ಲರಿಗೂ ವಿಂಗ್. ಗಾಳಿಚೀಲ ಮೈಸುತ್ತ ಅಲ್ಲ, ಬೆನ್ನಿಗೆ ಮಾತ್ರ. ಉಪಕರಣದ ಕೋಣೆಯ ಬೀಗದ ಕೈ ನನ್ನ ಓರಗಿತ್ತಿಗೆ. ಅವಳು ನೀರಿಗಿಳಿಯಲು ಕಲಿತು ಮೂರು ವರ್ಷ. ಕಲಿಸಿದವಳೂ ನಾನೇ.

"ಕಾಲ ಬದಲಾಗಿದೆ ಮೇಡಂ," ಎಂದರು ಅಧ್ಯಕ್ಷರು. ಹನ್ನೊಂದು ವರ್ಷದ ಹಿಂದೆ ಇದೇ ಮನುಷ್ಯ ಆರು ಮೀಟರ್ ಆಳದಲ್ಲಿ ದಿಗಿಲುಬಿದ್ದು ನನ್ನ ತೋಳಿಗೆ ಉಗುರು ಊರಿದ್ದರು. ಜಾಕೆಟ್ ತಲೆ ಎತ್ತಿ ಹಿಡಿದಿದ್ದರಿಂದ ಬದುಕಿದರು. ವಿಂಗ್ ಆಗಿದ್ದರೆ ಮೇಲೆ ಬಂದಮೇಲೂ ಮುಖ ನೀರಿಗೇ ವಾಲುತ್ತಿತ್ತು. ಅವರಿಗೆ ಮರೆತಿದೆ. ನನಗೆ ಮರೆತಿಲ್ಲ.

ಮಾರ್ಚ್ 6

ಹೊಸವು ಬಂದವು. ಹತ್ತು. ಕೋಣೆಯ ತುಂಬ ಹೊಸ ರಬ್ಬರಿನ ವಾಸನೆ.

"ಅಕ್ಕಾ, ಎತ್ತಿ ನೋಡಿ, ಎಷ್ಟು ಚೊಕ್ಕವಾಗಿದೆ!" ಎಂದಳು ಓರಗಿತ್ತಿ.

"ಚೊಕ್ಕ ಸರಿ. ಬೆನ್ನಿಗೆ ಉಕ್ಕಿನ ತಗಡು ಕಟ್ಟಿದೀಯಲ್ಲ, ಕೆಳಗೆ ಚೀಲ ಹರಿದರೆ? ಸೊಂಟದ ಸೀಸದ ಪಟ್ಟಿಯಾದರೆ ಬಿಚ್ಚಿ ಬಿಸಾಡಬಹುದು. ತಗಡನ್ನ ಎಲ್ಲಿ ಬಿಸಾಡ್ತಾರೆ?"

"ಅದಕ್ಕೇ ಸೀಸ ಕಡಿಮೆ ಮಾಡಿದೀನಿ ಅಕ್ಕಾ. ತಗಡಿನ ಭಾರ ಕಳೆದು, ಒಬ್ಬೊಬ್ಬರಿಗೂ ಬೇರೆ ಲೆಕ್ಕ."

ಲೆಕ್ಕದ ಹಾಳೆ ತೋರಿಸಿದಳು. ಮನೆಗೆ ತಂದು ನನ್ನ ಪುಸ್ತಕಗಳ ಜೊತೆ ಹೋಲಿಸಿದೆ. ತಪ್ಪು ಹುಡುಕಲೆಂದೇ ಎರಡು ಗಂಟೆ ಕೂತೆ. ಒಂದೂ ಸಿಗಲಿಲ್ಲ. ಸಿಕ್ಕಿದ್ದರೆ ಅರ್ಧ ಸಮಾಧಾನವಾದರೂ ಆಗುತ್ತಿತ್ತು...

ಮಾರ್ಚ್ 10

ಈಜುಕೊಳದಲ್ಲಿ ಪರೀಕ್ಷೆ. ಓರಗಿತ್ತಿ ಚೀಲ ಪೂರ್ತಿ ಖಾಲಿ ಮಾಡಿಕೊಂಡು, ತಳದಿಂದ ಬರೀ ಕಾಲು ಬಡಿದು ಮೇಲೆ ಬಂದು ತೋರಿಸಿದಳು. ಚಪ್ಪಾಳೆ. ನನ್ನವರೂ ತಟ್ಟಿದರು. ಊಟಕ್ಕೆ ಕೂತಾಗಲೂ ಅದೇ ಮಾತು.

"ನೀರಿನ ಮಧ್ಯ ತೂಗುಹಾಕಿದ ಹಾಗೆ ನಿಂತುಬಿಡ್ತಾಳೆ ಕಣೆ. ಒಂದಿಂಚು ಮೇಲಿಲ್ಲ, ಕೆಳಗಿಲ್ಲ."

"ನಾನೂ ನಿಲ್ತೀನಿ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನ ಹೇಳಿದೀರಾ?"

"ಓಹೋ. ಹೊಟ್ಟೆ ಉರಿ!"

"ಉಪ್ಪು ಜಾಸ್ತಿಯಾಗಿದೆಯಾ ಹೇಳಿ ಸಾಕು," ಎಂದೆ. ನಕ್ಕರು. ನಾನು ನಗಲಿಲ್ಲ.

ಮಾರ್ಚ್ 17, ಬೆಳಿಗ್ಗೆ 10

ನಿನ್ನೆ ಹೊಸ ವಿಂಗ್‌ಗಳು ಸಮುದ್ರಕ್ಕಿಳಿದು ಬಂದವು. ಅಲ್ಲೇ ಉಳಿದಿದ್ದ ನನ್ನ ಪುಸ್ತಕಗಳನ್ನು ತರಲೆಂದು ಇವತ್ತು ಕೋಣೆಗೆ ಹೋದೆ. ಬೀಗ ಹಾಕಿರಲಿಲ್ಲ, ಯಾರೂ ಇರಲಿಲ್ಲ. ಕೈ ಸುಮ್ಮನಿರಲಿಲ್ಲ. ಹಳೇ ಅಭ್ಯಾಸ — ಸಿಲಿಂಡರಿಗೆ ಜೋಡಿಸಿ, ಗಾಳಿ ತುಂಬುವ ಗುಂಡಿಯನ್ನು ತೊಟ್ಟಿಯ ನೀರಿನಲ್ಲಿ ಹತ್ತು ಸಲ ಒತ್ತುವುದು, ಪ್ರತಿ ಸಲ ಚಟ್ಟನೆ ಮೇಲೆ ಬರುತ್ತದೆಯೇ ನೋಡುವುದು.

ಐದನೇ ನಂಬರಿನದು ಆರನೇ ಒತ್ತಿಗೆ ಕೆಳಗೇ ಉಳಿಯಿತು. ಗಾಳಿ ಬುಸಬುಸ ತುಂಬುತ್ತಲೇ ಇತ್ತು. ಉಗುರಿನಿಂದ ಎಬ್ಬಿಸಿದೆ. ಆಮೇಲೆ ಸರಿಯಾಗಿ ಕೆಲಸ ಮಾಡಿತು. ಒಳಗೆ ಉಪ್ಪು. ಹೊರಗಷ್ಟೇ ತೊಳೆಯುತ್ತಾಳೆ. ನಾನು ಸಿಹಿನೀರನ್ನು ಒಳಗೂ ಹುಯ್ದು, ಕುಲುಕಿ, ಬಸಿಯುತ್ತಿದ್ದೆ. ಕಳೆದ ವಾರ ಹೇಳಹೊರಟರೆ, "ಹೊಸದಲ್ವಾ ಅಕ್ಕಾ, ಒಳಗೇನು ಸೇರಿರತ್ತೆ?" ಎಂದಿದ್ದಳು.

ಉಪಕರಣಗಳ ದೋಷ ಬರೆದಿಡುವ ಪುಸ್ತಕ ಮೇಜಿನ ಮೇಲೇ ಇತ್ತು, ಪಕ್ಕದಲ್ಲೇ ಪೆನ್ನು. ಮೊದಲ ಪುಟದಲ್ಲಿ ಅವಳ ಅಕ್ಷರ, ಅವಳ ಹುದ್ದೆ, ಅಡಿಗೆರೆ ಬೇರೆ. ಬರೆಯಲಿಲ್ಲ. ಕೊಕ್ಕೆಗೆ ತೂಗುಹಾಕಿ ಬಂದೆ. ಇದು ಈಗ ನನ್ನ ಕೆಲಸವಲ್ಲ. ಅವಳೇ ಕಂಡುಕೊಳ್ಳಲಿ. ಎಲ್ಲರೆದುರು ಒಮ್ಮೆ ಪೇಚಿಗೆ ಸಿಕ್ಕಲಿ.

ಮಾರ್ಚ್ 23, ಮಧ್ಯಾಹ್ನ 3

ಆಸ್ಪತ್ರೆಯ ವರಾಂಡ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ದೋಣಿಯಲ್ಲಿ ನಾನೂ ಇದ್ದೆ. ಹಲ್ಲಿನ ಡಾಕ್ಟರು ಐದನೇ ನಂಬರು ತೊಟ್ಟರು. ಈ ವರ್ಷ ಸೇರಿದವರು, ಮಾತು ಹೆಚ್ಚು, ಧೈರ್ಯ ಕಡಿಮೆ. ಬಾಯಿ ತೆರೆದೆ. ಅಷ್ಟರಲ್ಲಿ ಅಧ್ಯಕ್ಷರು, "ಮೇಡಂ, ಇವತ್ತು ನಿಮಗೇನೂ ಕೆಲಸ ಇಲ್ಲ, ಹಾಯಾಗಿ ಕೂತ್ಕೊಳಿ," ಎಂದರು. ಮುಚ್ಚಿದೆ.

ಆಮೇಲೆ ಡಾಕ್ಟರು ಹೇಳಿದ್ದು ಇದು: ಹನ್ನೆರಡು ಮೀಟರಿನಲ್ಲಿ ಗುಂಡಿ ಅಂಟಿತು. ಚೀಲ ಉಬ್ಬಿ ಡಾಕ್ಟರನ್ನು ಮೇಲಕ್ಕೆ ಎಳೆಯಿತು. ನನ್ನ ಓರಗಿತ್ತಿ ಕಾಲಿಗೆ ಜೋತುಬಿದ್ದಳು. ಅವರ ಜೊತೆಯೇ ಏರುತ್ತ ಚೀಲಕ್ಕೆ ಗಾಳಿ ತುಂಬುವ ಕೊಳವೆ ಕಿತ್ತಳು, ಹಿಂದಿನ ದಾರ ಎಳೆದು ಚೀಲದ ಗಾಳಿ ಬಿಟ್ಟಳು. ಪುಸ್ತಕದಲ್ಲಿದ್ದ ಹಾಗೇ, ನಾನು ಕಲಿಸಿದ ಹಾಗೇ. ಅವರ ಕಡೆ ನೋಡುವ ಭರದಲ್ಲಿ ತಾನು ಉಸಿರು ಬಿಡುವುದನ್ನು ಮರೆತಳು. ಮೇಲೇರುವಾಗ ಎದೆಯಲ್ಲಿ ಹಿಡಿದಿಟ್ಟ ಗಾಳಿ ಹಿಗ್ಗುತ್ತದೆ.

ಡಾಕ್ಟರಿಗೆ ಏನೂ ಆಗಿಲ್ಲ. ಅವಳ ಶ್ವಾಸಕೋಶಕ್ಕೆ ಗಾಯ. ಕುತ್ತಿಗೆಯ ಚರ್ಮದಡಿ ಗಾಳಿ ಸೇರಿದೆ, ಒತ್ತಿದರೆ ಚರಚರ ಎನ್ನುತ್ತದೆಯಂತೆ. ಮೈದುನ ಗೋಡೆಗೆ ಒರಗಿ ಕೂತಿದ್ದಾನೆ. "ಅತ್ತಿಗೆ, ಜೀವಕ್ಕೇನೂ..." ಎಂದ.

ಮಾರ್ಚ್ 27

ಅಪಾಯವಿಲ್ಲ. ಆದರೆ ಇನ್ನು ಸಮುದ್ರಕ್ಕಿಳಿಯುವಂತಿಲ್ಲ. ಬಹುಶಃ ಎಂದೂ.

ನನ್ನ ಕೈ ಹಿಡಿದುಕೊಂಡಳು. ಆಮ್ಲಜನಕದ ಮುಖವಾಡ ಸರಿಸಿ ಮಾತು. "ಅಕ್ಕಾ, ನೀವು ಹೇಳಿದ್ದೇ ಸರಿ. ಒಳಗೆ ತೊಳೀಬೇಕಿತ್ತು. ತಪ್ಪು ನಂದೇ."

"ಮಾತಾಡಬೇಡ," ಎಂದೆ. ಅಷ್ಟೇ ಎಂದೆ.

ಹೊರಗೆ ಅಧ್ಯಕ್ಷರು. "ನಿಮ್ಮ ಮಾತು ಕೇಳಬೇಕಿತ್ತು ಮೇಡಂ. ಈ ವಿಂಗೇ ದರಿದ್ರ. ನಾಳೆಯಿಂದ ಬೀಗದ ಕೈ ನಿಮ್ಮ ಹತ್ರಾನೇ ಇರಲಿ." ಮೂರು ವಾರದಿಂದ ಈ ಮಾತಿಗಾಗಿ ಕಾದಿದ್ದೆ. ಬಾಯಿ ಕಹಿಯಾಯಿತು. ಕೈ ಚಾಚಲಿಲ್ಲ.

ಮಾರ್ಚ್ 30, ಬೆಳಿಗ್ಗೆ 8

ಹತ್ತಕ್ಕೆ ಸರ್ವಸದಸ್ಯರ ಸಭೆ. ಸಮಿತಿಯ ವರದಿಯ ಪ್ರತಿ ಬಂದಿದೆ — "ವಿಂಗ್ ಆಯ್ಕೆಯ ದೋಷ, ಉಸ್ತುವಾರಿಯ ಅನನುಭವ." ಸುಳ್ಳು. ನನ್ನ ಜಾಕೆಟ್‌ಗಳಿಗೂ ಅದೇ ಗುಂಡಿ, ಅದೇ ಸ್ಪ್ರಿಂಗು. ಉಪ್ಪು ಕೂತಿದ್ದರೆ ಅವೂ ಹಾಗೇ ಅಂಟುತ್ತಿದ್ದವು. ಮಲಗಿರುವವಳ ತಲೆಗೆ ಎಲ್ಲವನ್ನೂ ಕಟ್ಟಿ ಕೈ ತೊಳೆದುಕೊಳ್ಳಲು ಬಿಡುವುದಿಲ್ಲ.

ಪತ್ರ ಬರೆದು ಇವರಿಗೆ ಓದಿ ಹೇಳಿದೆ. ಹಾಳೆ ತಾವೇ ತೆಗೆದುಕೊಂಡು ಇನ್ನೊಮ್ಮೆ ಓದಿದರು. "ಇದನ್ನ ಕೊಟ್ಟರೆ ತಮ್ಮನ ಮುಖ ಹೇಗೆ ನೋಡ್ತೀಯ?"

"ಕೊಡದೆ ಹೇಗೆ ನೋಡಲಿ?"

ಪತ್ರ ಇಷ್ಟು: ವರದಿ ಹಿಂತೆಗೆದುಕೊಳ್ಳಿ. ನನ್ನ ಪ್ರಶ್ನೆಗೆ ಸಭೆಯಲ್ಲಿ, ಎಲ್ಲರ ಎದುರು, ಉತ್ತರ ಬೇಕು. ಹದಿನೇಳನೇ ತಾರೀಖು ಬೆಳಿಗ್ಗೆ ಐದನೇ ನಂಬರಿನ ಗುಂಡಿ ಅಂಟಿದ್ದನ್ನು ಕಂಡವರು ಯಾರು? ಕಂಡೂ ಪುಸ್ತಕದಲ್ಲಿ ಬರೆಯದವರು ಯಾರು? ದೋಣಿಯಲ್ಲಿ ಕೂತು ನೋಡುತ್ತಿದ್ದವರು ಯಾರು? ಅಧ್ಯಕ್ಷರು ಗಟ್ಟಿಯಾಗಿ ಕೇಳಲಿ. ಮೊದಲ ಸಾಲಿನಲ್ಲೇ ಕೂತಿರುತ್ತೇನೆ. ಕೇಳಿದ ಕೂಡಲೇ ಎದ್ದು ನಿಂತು ಹೇಳುತ್ತೇನೆ — ನಾನು.