ಬಿಟ್ಟ ಶ್ರೀಕಾರ

ನರಗುಂದ
21 ನವೆಂಬರ್ 1958

ಚಿರಂಜೀವಿ ದತ್ತಾತ್ರೇಯನಿಗೆ ಆಶೀರ್ವಾದಗಳು.

ನಿನ್ನ ಆರೋಗ್ಯ ಚೆನ್ನಾಗಿದೆಯೆಂಬುದು ನಿನ್ನ ಪತ್ರದ ವಿನೋದದಿಂದಲೇ ತಿಳಿಯಿತು, ಬೇರೆ ವಿಚಾರಿಸಬೇಕಾಗಿಲ್ಲ. ನನ್ನ ಹಿಂದಿನ ಪತ್ರದಂತೆ ಈ ಪತ್ರದ ಮೇಲೂ ಶ್ರೀಕಾರವಿಲ್ಲ. ಮರೆತಿಲ್ಲ, ಬಿಟ್ಟಿದ್ದೇನೆ. ಸಾವಿನ ಸುದ್ದಿಯ ಕಾಗದಕ್ಕೆ ನಮ್ಮಲ್ಲಿ ಶ್ರೀ ಹಾಕುವುದಿಲ್ಲ, ಓದಿದವರು ಸ್ನಾನ ಮಾಡುತ್ತಾರೆ ಎಂಬುದನ್ನು ಮೂರು ವರ್ಷಗಳ ಮ್ಯಾಂಚೆಸ್ಟರ್ ವಾಸ ನಿನ್ನಿಂದ ಅಳಿಸಿಹಾಕಿತೆ? ನಿನ್ನ ತಮ್ಮ ರಾಘಣ್ಣ ತೀರಿಕೊಂಡ. ಸೆಪ್ಟೆಂಬರ್ ಎಂಟರಂದು ಕೊಣ್ಣೂರಿನಲ್ಲಿ ಹೊಳೆ ದಾಟುವಾಗ ಮಲಪ್ರಭೆಯ ಸೆಳವಿಗೆ ಸಿಕ್ಕ. ದೇಹ ಮೂರನೆಯ ದಿನ ದೊರೆಯಿತು.

ಹಾಗೆಂದು ಆಗಲೇ ನೇರವಾಗಿ ಬರೆಯಲು ನಿನ್ನ ತಾಯಿ ಬಿಡಲಿಲ್ಲ. "ಪರದೇಶದಾಗ ಒಬ್ಬನ ಅದಾನ್ರೀ, ಎದಿ ಒಡಕೋತಾನ. ಶ್ರೀ ಬಿಡ್ರಿ, ಸ್ನಾನ ಮಾಡು ಅಂತ ಬರೀರಿ, ತಿಳಕೋತಾನ" ಎಂದಳು. ಹಾಗೆಯೇ ಬರೆದೆ. ನೀನು ಉತ್ತರಿಸಿದೆ: "ಅಪ್ಪಾ, ಶ್ರೀ ಮರತೀರಿ, ವಯಸ್ಸಾತು ನಿಮಗ. ಈ ಥಂಡ್ಯಾಗ ಸ್ನಾನ ಯಾರು ಮಾಡ್ತಾರ್ರೀ? ರಾಘಣ್ಣನ ಪರೀಕ್ಷಾ ಹ್ಯಾಂಗಾತು?"

ಉಳಿದ ನಾಲ್ಕು ಪುಟಗಳೂ ನಿನ್ನ ಲೆಕ್ಕಯಂತ್ರದ ಸ್ತುತಿ. ನೀವು ಬರೆದ ಭಾಷೆಯನ್ನು ಅದು ತಾನೇ ತನ್ನ ಅಂಕಿಗಳಿಗೆ ಅನುವಾದಿಸಿಕೊಳ್ಳುತ್ತದಂತೆ. ಒಂದು ಖಾನೆಯಲ್ಲಿ ಇನ್ನೊಂದು ಖಾನೆಯ ವಿಳಾಸವಿರುತ್ತದಂತೆ. ಅಲ್ಲಿಗೆ ಹೋಗುವ ಮೊದಲು ಆ ವಿಳಾಸವನ್ನು 'ಅಲ್ಲಿ ಯಾರೂ ಇಲ್ಲ' ಎಂಬ ಗುರುತಿನೊಡನೆ ಹೋಲಿಸಿ ನೋಡಬೇಕಂತೆ, ನೋಡದಿದ್ದರೆ ಯಂತ್ರ ದಾರಿ ತಪ್ಪುತ್ತದಂತೆ. ಆ ಗುರುತು ಮರೆವಿನಿಂದ ಉಳಿದ ಖಾಲಿಯಲ್ಲ, ಬೇಕೆಂದೇ ಇಟ್ಟ ಉತ್ತರ ಎಂದು ನೀನೇ ಅಡಿಗೆರೆ ಎಳೆದಿದ್ದೀ. ಕಾಲೇಜಿನ ಚರ್ಚಾಕೂಟದಲ್ಲಿ ನಾನು ಎದುರಾಳಿಯನ್ನು ಅವನ ಮಾತಿನಿಂದಲೇ ಕೆಡವುತ್ತಿದ್ದೆ. ನಿನ್ನಷ್ಟು ಸುಲಭವಾಗಿ ಯಾರೂ ಸಿಕ್ಕಿರಲಿಲ್ಲ. ಯಂತ್ರಕ್ಕೆ ಕಲಿಸುವ ಎಚ್ಚರ ತಂದೆಯ ಕಾಗದಕ್ಕೇಕೆ ಸಲ್ಲಲಿಲ್ಲ? ನೀನು ಹೋಲಿಸದೆ ಹೊರಟೆ, ಇಲ್ಲದವನ ಪರೀಕ್ಷೆ ವಿಚಾರಿಸಿದೆ.

ನಿನ್ನ ಸಮಾಧಾನದ ಮಾತು ನನಗೆ ಬೇಡ. ಸ್ನಾನ ಮಾಡು. ಥಂಡಿಯಿದ್ದರೂ ಮಾಡು.

ನಿನ್ನ ತಂದೆ,
ವೆಂಕಟೇಶ

ತಾ.ಕ.: ನಿನ್ನ ಪತ್ರವನ್ನು ನಿನ್ನ ತಾಯಿಗೆ ಇದ್ದಂತೆ ಓದಲಾಗಲಿಲ್ಲ. ಶ್ರೀ ಇಲ್ಲದ್ದನ್ನು ಕಂಡೊಡನೆ ನೀನು ಅರಿತೆಯೆಂದೂ, ಸ್ನಾನ ಮಾಡಿ ತಮ್ಮನಿಗಾಗಿ ಅತ್ತೆಯೆಂದೂ ಓದಿದೆ. ಎರಡು ಸಲ ಓದಿಸಿಕೊಂಡಳು. ಎರಡನೆಯ ಸಲ ಮಾತು ಬದಲಾಗದಂತೆ ಓದುವುದು ಬಹಳ ಕಷ್ಟವಾಯಿತು. ಆಕೆಗೆ ಲಗೂ ಬೇರೆ ಕಾಗದ ಬರೆ, ನನ್ನ ಓದಿಗೆ ಹೊಂದುವಂತೆ. ಮೇಲೆ ಶ್ರೀ ಹಾಕಬೇಡ. ಆಕೆಗೆ ಗುರುತಿರುವ ಅಕ್ಷರ ಅದೊಂದೇ. ನೀನು ದೊಡ್ಡದಾಗಿ ಬರೆದಿದ್ದ ಶ್ರೀಯನ್ನು ನಾನು ಓದುವಷ್ಟೂ ಹೊತ್ತು ಹೆಬ್ಬೆರಳಿನಿಂದ ಮುಚ್ಚಿಕೊಂಡಿದ್ದೆ.