ಗೆರೆ ಎಳೆಯಬಾರದಿದ್ದ ಜಾಗ

ಸಿರಿಲ್,

ಹೆಸರಿನ ಮೊದಲು 'ಪ್ರಿಯ' ಅಂತ ಬರೆಯಬೇಕಂತೆ. ಅರವತ್ತೆಂಟು ವರ್ಷ ತಡವಾಗಿ ಬರೆಯುವವಳಿಗೆ ಆ ಹಕ್ಕಿಲ್ಲ, ಬಿಡು.

ಹೋದ ವಾರ ಹಳೇ ಬೈಕು ರಿಪೇರಿ ಮಾಡುವ ಡೆಸ್ಮಂಡ್ ಎಂಬಾತ ನಾವಿಬ್ಬರೂ ದುಡಿದ ಹ್ಯಾಸ್ಕೆಟ್ ಕಾರ್ಖಾನೆಯ ಬೈಕಿನ ಪೆಟ್ರೋಲ್ ಟ್ಯಾಂಕೊಂದನ್ನು ನನ್ನ ಅಡುಗೆಮನೆ ಮೇಜಿನ ಮೇಲೆ ತಂದಿಟ್ಟ. ನೀನೇ ಕೊಂಡು ಇಟ್ಟುಕೊಂಡಿದ್ದ ಬೈಕಂತೆ. ನೀನು ತೀರಿಕೊಂಡ ಮೇಲೆ ನಿನ್ನ ಮಗಳು ಮಾರಿದಳಂತೆ. ಟ್ಯಾಂಕಿನ ಮೇಲೆ ಚಿನ್ನದ ಬಣ್ಣದ ಗೆರೆ ಎಳೆಯುತ್ತಿದ್ದವರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಉಳಿದವಳು ನಾನೊಬ್ಬಳೇ. ಹೊಸದಾಗಿ ಗೆರೆ ಎಳೆಸಬೇಕೆಂದು ಡೆಸ್ಮಂಡ್ ಹಳೇ ಬಣ್ಣ ಕೆರೆದು ತಂದಿದ್ದ. ಕೆಳಗಿನ ಅಂಚಿನಲ್ಲಿ, ಬರಿ ತಗಡಿನ ಮೇಲೆ, ಮೊಳೆಯಲ್ಲಿ ಗೀಚಿದ ನಿನ್ನ ಅಕ್ಷರ: "ಎನಿಡ್, ನನ್ನ ಮದುವೆ ಆಗ್ತೀಯಾ? ಹೂಂ ಅನ್ನೋದಾದ್ರೆ ಇಷ್ಟು ಜಾಗ ಗೆರೆ ಎಳೀದೆ ಬಿಡು. ಸಿರಿಲ್."

ನಾನು ಬಿಡಲಿಲ್ಲ. ಮೂರು ಚಳಿಗಾಲ ಹಳ್ಳಿ ಶಾಲೆ ಕಂಡವಳು. ಟ್ಯಾಂಕಿನ ನಂಬರು ಬಿಟ್ಟರೆ ಏನೂ ಓದಲು ಬರುತ್ತಿರಲಿಲ್ಲ. ಟೀ ಹೊತ್ತಿನಲ್ಲಿ ಪೇಪರ್ ಹಿಡಿದು ಕೂರುತ್ತಿದ್ದದ್ದು ಓದು ಬರುತ್ತದೆ ಎಂದು ನಿನಗೆ ತೋರಿಸಲಿಕ್ಕೆ. ಬಣ್ಣಕ್ಕೆ ಹೋಗುವ ಮೊದಲು ಟ್ಯಾಂಕು ಸವರಿ ನೋಡುವವಳು ನಾನೇ ಎಂದು ನಿನಗೆ ಗೊತ್ತಿತ್ತು. "ಯಾವ ಕುರುಡ ಇದನ್ನ ತರಚಿದ್ದು?" ಎಂದು ಬೈದು, ಗೀರು ಮುಚ್ಚುವ ಲಪ್ಪ ಮೆತ್ತಿ, ಉಜ್ಜಿ, ಬಣ್ಣ ಒಣಗಿದ ಮೇಲೆ ಕೈ ಒಂದಿಷ್ಟೂ ನಡುಗದೆ ಗೆರೆ ಎಳೆದೆ.

ಸೋಮವಾರ ನೀನು ಬಂದು ನೋಡಿದೆ. "ಗೆರೆ ಚೆನ್ನಾಗಿ ಎಳೆದಿದೀಯ, ಎನಿಡ್" ಎಂದೆ, ಅಷ್ಟೇ. ನನ್ನ ನಾಲಿಗೆ ಸುಮ್ಮನಿದ್ದೀತೇ? "ನೀನು ಜೋಡಿಸೋ ಎಂಜಿನ್ ಎಣ್ಣೆ ಸೋರಿಸ್ತದೆ ಕಣೋ, ನನ್ನ ಗೆರೆ ಸೋರಲ್ಲ!" ಎಲ್ಲರೂ ನಕ್ಕರು. ನೀನೂ ನಕ್ಕೆ. ಶುಕ್ರವಾರದ ಹೊತ್ತಿಗೆ ನೀನು ಕೆಲಸ ಬಿಟ್ಟು ಕೊವೆಂಟ್ರಿ ಊರು ಸೇರಿದ್ದೆ. ಹೇಳದೆ ಹೋದ ಸೊಕ್ಕಿನವನು ಎಂದು ಇಷ್ಟು ವರ್ಷ ನಿನ್ನನ್ನೇ ಬೈದೆ.

ಆ ಎಣ್ಣೆಯೇ ಹ್ಯಾಸ್ಕೆಟ್ಟನ್ನು ಮುಳುಗಿಸಿತು. ಸೈಕಲ್ ಶೆಡ್ಡಿನಲ್ಲಿ ಶುರುಮಾಡಿ, ಯುದ್ಧದಲ್ಲಿ ಸೈನ್ಯಕ್ಕೆ ಬೈಕು ಕೊಟ್ಟ ಮುದುಕ ಮಾಲೀಕ, "ತೊಟ್ಟಿಕ್ಕಿದ್ರೆ ಒಳಗೆ ಎಣ್ಣೆ ಇದೆ ಅಂತ ಅರ್ಥ" ಎಂದು ಕೊನೆವರೆಗೂ ಜಂಬ ಕೊಚ್ಚಿದ. ಜಪಾನಿನ ಬೈಕು ಬಂದು ಒಂದು ಹನಿಯೂ ಚೆಲ್ಲದೆ ನಿಂತಿತು. ನಮ್ಮ ಗೇಟಿಗೆ ಬೀಗ ಬಿತ್ತು. ಜಂಬದಲ್ಲಿ ಅವನೇನು, ನಾನೇನು.

ಆಮೇಲೆ ಓದು ಕಲಿತೆ, ಮಕ್ಕಳ ಪುಸ್ತಕದಲ್ಲಿ. ನಾನು ಕಟ್ಟಿಕೊಂಡ ಆಲ್ಬರ್ಟ್ ಒಳ್ಳೆಯ ಗಂಡನೇ. ಅವನ ಮೇಲೆ ದೂರಿಲ್ಲ.

ಡೆಸ್ಮಂಡ್ ಟ್ಯಾಂಕಿಗೆ ಹೊಸ ಬಣ್ಣ ಹೊಡೆಸಿ ತಂದ ಮೇಲೆ, ನಿನ್ನೆ ಮತ್ತೆ ಕುಂಚ ಹಿಡಿದೆ. ಚಿನ್ನದ ಗೆರೆ ಎಳೆದೆ. ಡೆಸ್ಮಂಡ್ ಬಗ್ಗಿ ನೋಡಿದ. "ಅಜ್ಜಿ, ಇಲ್ಲಿ ನಾಲ್ಕು ಬೆರಳಗಲ ಬಿಟ್ಟುಹೋಗಿದೆಯಲ್ಲ?"

"ಬಿಟ್ಟುಹೋಗಿಲ್ಲ ಕಣಯ್ಯಾ, ಬಿಟ್ಟಿದೀನಿ."

ಇರುವಲ್ಲಿ ಬೆಚ್ಚಗಿರು, ಸಿರಿಲ್.

ಈಗ ಓದಲು ಬರುವ,
ಎನಿಡ್