ಖಾಲಿ ಹೊಟ್ಟೆಯ ಮಾತ್ರೆ

ಮೆಗಾಬಿತ್ ತಿಂಗಳು 2, ಸೋಮವಾರ

ದೆಸ್ಸಿಯಿಂದ ಕೊಂಬೊಲ್ಚಾಗೆ ಬೆಳಿಗ್ಗೆ ಎರಡು ಟ್ರಿಪ್, ಮಧ್ಯಾಹ್ನ ಒಂದು. ಇಳಿಜಾರಿನಲ್ಲಿ ಬ್ರೇಕ್ ಕಿರ್ರೆನ್ನುತ್ತದೆ. ವ್ಯಾನಿನ ಮಾಲೀಕರಿಗೆ ಹೇಳಿದೆ. "ಕಿವಿಗೆ ಹತ್ತಿ ಇಟ್ಕೊ" ಅಂದರು. ಲೈಸೆನ್ಸ್ ಬಂದು ಎರಡು ತಿಂಗಳಾಯಿತು, ಸ್ಟ್ಯಾಂಡಿನಲ್ಲಿ ಇನ್ನೂ ಎಲ್ಲರೂ "ಲೋ ಕ್ಲೀನರ್" ಅಂತಲೇ ಕರೆಯುತ್ತಾರೆ.

ಇವತ್ತಿನಿಂದ ದೊಡ್ಡ ಉಪವಾಸ. ಯೇಸು ಮತ್ತೆ ಎದ್ದ ಫಾಸಿಕಾ ಹಬ್ಬದ ತನಕ ಐವತ್ತೈದು ದಿನ. ಅಮ್ಮ ಮಧ್ಯಾಹ್ನ ಮೂರರವರೆಗೆ ನೀರೂ ಮುಟ್ಟುವುದಿಲ್ಲ. ನಾನು... ದಾರಿಯಲ್ಲಿ ಬ್ರೆಡ್ ತಿಂದೆ.

ಅವಳ ಮಂಡಿನೋವಿನ ಮಾತ್ರೆ ಮುಗಿದಿತ್ತು. ಹಳೇ ಚೀಟಿ ಹಿಡಿದು ಹೋಗಿ ತಂದೆ. ಇದು ಮೂರನೇ ಸಲ. ಬಸ್ ಸ್ಟ್ಯಾಂಡ್ ಅಂಗಡಿಯವನು ಚೀಟಿ ನೋಡಲೂ ಇಲ್ಲ. "ಎಷ್ಟು ಸ್ಟ್ರಿಪ್?" — ಅಷ್ಟೇ.

ಮೆಗಾಬಿತ್ 5

ತಲೆ ಚಿಟ್ಟು ಹಿಡಿದಿದೆ. ಬೆಳಿಗ್ಗೆ ಬೇಗ ಎದ್ದೆ, ಆಗ ಕಣ್ಣಿಗೆ ಬಿತ್ತು. ಅಮ್ಮ ಚರ್ಚಿಗೆ ಹೊರಟು ನಿಂತವಳು ಎರಡು ಮಾತ್ರೆ ಒಟ್ಟಿಗೆ ಬಾಯಿಗೆ ಹಾಕಿಕೊಂಡು ಮೇಲೆ ಒಂದು ಗುಟುಕು ತೀರ್ಥ ಕುಡಿದಳು.

"ಎರಡೂ ಒಟ್ಟಿಗೆ ಯಾಕಮ್ಮ?"

"ಒಂದು ಬಲಗಾಲಿಗೆ, ಒಂದು ಎಡಗಾಲಿಗೆ."

"ತಮಾಷೆ ಬೇಡ. ಖಾಲಿ ಹೊಟ್ಟೇಲಿ ತಗೋಬಹುದಾ ಅದನ್ನ?"

"ಮಾತ್ರೆ ಅನ್ನೋದು ಊಟ ಅಲ್ಲ ಕಣೋ. ಉಪವಾಸ ಮುರಿಯಲ್ಲ. ನೀನೇ ಓದಿ ಹೇಳಿದ್ದು, ಬೆಳಿಗ್ಗೆ ಒಂದು, ಸಂಜೆ ಒಂದು ಅಂತ. ಊಟದ ಸುದ್ದಿ ನೀನು ಎತ್ತಲೇ ಇಲ್ಲ."

ಡ್ರಾಯರಿನಲ್ಲಿ ಹುಡುಕಿದೆ. ಆಸ್ಪತ್ರೆಯವರು ಮೊದಲ ಸಲ ಕೊಟ್ಟ ಲಕೋಟೆ ಸಿಕ್ಕಿತು. ಮೇಲೆ ಮೂರು ಸಾಲು. ಬೆಳಿಗ್ಗೆ ಒಂದು. ಸಂಜೆ ಒಂದು. ಊಟವಾದ ಮೇಲೆ ಮಾತ್ರ. ಆವತ್ತು ಹೊರಗೆ ವ್ಯಾನಿನ ಹಾರನ್ ಹೊಡೆಯುತ್ತಿತ್ತು. ಎರಡು ಸಾಲು ಓದಿ ಓಡಿದ್ದೆ.

ಈಗ ಮೂರನೆಯದನ್ನೂ ಓದಿ ಹೇಳಿದೆ. ಏನು ಪ್ರಯೋಜನ?

"ಮೂರು ಗಂಟೆಗೆ ತಿಂದು ಆಮೇಲೆ ಮಾತ್ರೆ ತಗೊಂಡ್ರೆ, ಬೆಳಿಗ್ಗೆ ಚರ್ಚಲ್ಲಿ ಹಣೆ ನೆಲಕ್ಕೆ ಹಚ್ಚಿ ಏಳೋದು ಯಾರು? ನೀನಾ?"

ಗೋಡೆಗೆ ಹೇಳಬಹುದು. ಗೋಡೆ ಎದುರು ಮಾತಾಡುವುದಿಲ್ಲ.

ಮೆಗಾಬಿತ್ 10

ಮಧ್ಯಾಹ್ನ ಮೂರೂವರೆ. ಪಕ್ಕದ ಮನೆಯ ದೊಡ್ಡಕ್ಕ, ಎತಿಯೆ ಜೆವ್ಡಿತು, ಕಾಫಿಗೆ ಬಂದಿದ್ದರು. ಬರಿಗೈಯಲ್ಲಿ ಬರಲಿಲ್ಲ. ಕರ್ಚೀಫಿನಲ್ಲಿ ಕೆಂಪು ಮಾತ್ರೆ. ಅಮ್ಮನ ಕೈಗಿಟ್ಟರು. "ನನ್ನ ಸೊಂಟಕ್ಕೆ ಕೊಟ್ಟಿದ್ರು. ಒಂದೇ ದಿನಕ್ಕೆ ಎದ್ದು ಕೂತೆ. ನಿನ್ನ ಬಿಳಿ ಮಾತ್ರೆ ಜೊತೆ ಇದನ್ನೂ ಹಾಕು ಯೆಶಿ, ಮೇಕೆ ಥರ ಹತ್ತು ಗುಡ್ಡ ಹತ್ತುತೀಯ."

"ಎತಿಯೆ, ನೀವೇನು ಡಾಕ್ಟರಾ?" ಅಂದೆ.

"ನೀನೇನು ಡ್ರೈವರಾ?" ಅಂದರು.

ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಎದ್ದು ಬಂದೆ.

ಮೆಗಾಬಿತ್ 14

ಸ್ಟ್ಯಾಂಡಿನ ಅಂಗಡಿ ಮುಚ್ಚಿತ್ತು. ಮೇಲಿನ ರಸ್ತೆಯ ಔಷಧಿ ಅಂಗಡಿಗೆ ಹೋದೆ. ಅಲ್ಲಿ ಮಾಹ್ಲೆತ್ ಅಂತ ಒಬ್ಬಳು, ನನ್ನದೇ ವಯಸ್ಸು, ಬಿಳಿ ಕೋಟು. ಚೀಟಿ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದು ಹತ್ತು ದಿನಕ್ಕೆ ಬರೆದಿರೋದು. ಎರಡು ತಿಂಗಳಾಯ್ತು."

"ಅಮ್ಮನಿಗೆ ನೋವು ಇನ್ನೂ ಇದೆಯಲ್ಲ."

"ನೋವಿದ್ರೆ ಡಾಕ್ಟರ್ ಹತ್ರ ಹೋಗ್ಬೇಕು. ಈ ಚೀಟಿ ಏನು ಜಮೀನಿನ ಪಟ್ಟಾನಾ, ಜೀವನಪೂರ್ತಿ ಇಟ್ಕೊಳ್ಳೋಕೆ? ಊಟ ಆದ್ಮೇಲೆ ತಗೋತಾರಾ?"

ಚೀಟಿಗೆ ಕೈ ಚಾಚಿದೆ, ಅವಳು ಬಿಡಲಿಲ್ಲ.

"ಬೇರೆ ಮಾತ್ರೆ ಏನಾದ್ರೂ?"

"ಬಿ.ಪಿ.ದು. ಮತ್ತೆ... ಪಕ್ಕದ ಮನೆಯವರ ಕೆಂಪು ಮಾತ್ರೆ."

ಪೆನ್ನು ಕೆಳಗಿಟ್ಟಳು. ಆ ಕೆಂಪಿಗೂ ಈ ಬಿಳಿಗೂ ಬಣ್ಣ ಮಾತ್ರ ಬೇರೆಯಂತೆ, ಇಬ್ಬರೂ ಅಕ್ಕತಂಗಿಯರಂತೆ, ಒಬ್ಬಳೇ ಬಂದರೂ ಹೊಟ್ಟೆ ಸುಡುತ್ತಾಳಂತೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇವನ್ನು ಮುಟ್ಟಲೇಬಾರದಂತೆ. ಅದರ ಮೇಲೆ ನೀರೂ ಕುಡಿಯದಿದ್ದರೆ ಕಿಡ್ನಿಗೂ ಏಟು. ಬಿಳಿ, ಕೆಂಪು ಎರಡನ್ನೂ ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ ಅಂದಳು. ಆಮೇಲೆ ಸ್ವಲ್ಪವೂ ನಾಚದೆ ಕೇಳಿದಳು, "ಮಲ ಕಪ್ಪಗೆ ಹೋಗ್ತಿದೆಯಾ? ಟಾರಿನ ಥರ, ಅಂಟಂಟು?"

"ನನಗೆ ಹೇಗೆ ಗೊತ್ತಾಗ್ಬೇಕು?"

"ಕೇಳಿ. ಹಾಗಿದ್ರೆ ಒಳಗೆ ರಕ್ತ ಹೋಗ್ತಿದೆ ಅಂತ. ಒಂದು ಗಂಟೆನೂ ಕಾಯ್ಬೇಡಿ."

ಮಾತ್ರೆ ಕೊಡಲಿಲ್ಲ. ಬರಿಗೈಯಲ್ಲಿ ಬಂದೆ. ಅಮ್ಮನನ್ನು ಕೇಳಿದೆ, ಬಾಗಿಲ ಹೊರಗೆ ನಿಂತು, ಮುಖ ಬೇರೆ ಕಡೆ ತಿರುಗಿಸಿ. ಚಪ್ಪಲಿ ಬಂತು. ಗುರಿ ಚೆನ್ನಾಗಿದೆ ಅವಳದು.

ಮೆಗಾಬಿತ್ 16

ಬೇರೆ ದಾರಿ ಕಾಣಲಿಲ್ಲ. ಚರ್ಚಿನ ಪಾದ್ರಿ ಅಬ್ಬಾ ಲಿಸಾನೆಯವರ ಹತ್ತಿರ ಹೋದೆ. ನಮ್ಮ ಮನೆಯವರ ಪಾಪನಿವೇದನೆ ಕೇಳುವವರು ಅವರೇ. ಡಾಕ್ಟರ ಮಾತು ಅಮ್ಮ ದಾಟಬಹುದು, ಇವರ ಮಾತು ದಾಟುವುದಿಲ್ಲ ಅಂತ ನನ್ನ ಲೆಕ್ಕಾಚಾರ.

"ಅಬ್ಬಾ, ಅವಳಿಗೆ ಉಪವಾಸ ಬೇಡ ಅಂತ ನೀವೇ ಹೇಳಿ."

ಅವರು ಜಪಮಣಿ ನಿಲ್ಲಿಸಿದರು. "ಹೇಳಿ ತಿಂಗಳಾಯ್ತಲ್ಲೋ. ಕಾಯಿಲೆಯವಳು ನೀನು, ಬೆಳಿಗ್ಗೆ ತಿನ್ನು, ಕೂತೇ ಪ್ರಾರ್ಥನೆ ಮಾಡು ಅಂದಿದ್ದೆ. ತಲೆ ಆಡಿಸಿ ಹೋದ್ಲು."

ದಾರಿ ಉದ್ದಕ್ಕೂ ಕುದಿಯುತ್ತಾ ಬಂದೆ. ಅಮ್ಮ ಒಲೆಯ ಮುಂದೆ ದೋಸೆಯಂಥ ಇಂಜೆರಾ ಹುಯ್ಯುತ್ತಿದ್ದಳು. ಹೋಟೆಲಿಗೆ ಅರವತ್ತು ಕೊಡಬೇಕು. ಮಂಡಿ ಎರಡೂ ಕುಂಬಳಕಾಯಿ.

"ಉಪವಾಸದಿಂದ ಅಬ್ಬಾ ನಿನ್ನ ಬಿಟ್ಟಿದಾರಂತೆ! ನನ್ನ ಹತ್ರ ಯಾಕೆ ಮುಚ್ಚಿಟ್ಟೆ?"

"ಅವರು ಬಿಟ್ರು. ಮಿಕಾಯೇಲ್ ದೇವದೂತ ಬಿಟ್ಟಿಲ್ಲ. ಹರಕೆ ಇದೆ."

"ಎಂಥ ಹರಕೆ?"

ಹಿಟ್ಟು ಹುಯ್ಯುತ್ತಲೇ ಹೇಳಿದಳು. "ಎರಡು ಸಲ ಫೇಲಾದೆ ನೀನು. ಮೂರನೇ ಸಲಕ್ಕೆ ನಾನು ಹೇಳ್ಕೊಂಡೆ. ಇವನಿಗೆ ಲೈಸೆನ್ಸ್ ಆದ್ರೆ ಈ ಉಪವಾಸ ಪೂರ್ತಿ, ದಿನಾ ನಲವತ್ತೊಂದು ಸಲ ಬಗ್ತೀನಿ ಅಂತ. ಆಯ್ತಲ್ಲ? ಈಗ ಬೇಡ ಅನ್ನೋಕೆ ನೀನ್ಯಾರು? ಲೈಸೆನ್ಸ್ ವಾಪಸ್ ಕೊಟ್ಟು ಬರ್ತೀಯಾ?"

ಪಾರ್ಕಿಂಗ್ ಪರೀಕ್ಷೆ ಪಾಸಾಗಿದ್ದು ನಾನು. ಕಲ್ಲಿನ ನಡುವೆ ಹಿಂದಕ್ಕೆ ತೆಗೆದಿದ್ದು ನಾನು. ಹೆಸರು ಮಿಕಾಯೇಲನಿಗೆ, ಮಂಡಿ ಅಮ್ಮನದು.

ಮೆಗಾಬಿತ್ 19, ಗುರುವಾರ

ಅಮ್ಮನ ಮುಖ ಬೂದಿಯ ಬಣ್ಣ. ಕೇಳಿದರೆ ಹೊಗೆ ಅನ್ನುತ್ತಾಳೆ. ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತಳು. ಮಾತ್ರೆ ನಾನು ತರದಿದ್ದರೂ ಎಲ್ಲಿಂದಲೋ ಬರುತ್ತಿದೆ. ಎಲ್ಲಿಂದ ಅಂತ ಬೇರೆ ಕೇಳಬೇಕೆ. ಎತಿಯೆ ಜೆವ್ಡಿತು ಅವರನ್ನೇ ಗೇಟಿನಲ್ಲಿ ಅಡ್ಡ ಹಾಕಿದೆ. ಮೊದಲು ಬೈದರು. ಆಮೇಲೆ ದನಿ ತಗ್ಗಿಸಿದರು.

"ಕಪ್ಪಗೆ ಹೋಗ್ತಿದೆಯಂತೆ ಕಣೋ. ನಾಲ್ಕು ದಿನ ಆಯ್ತಂತೆ. ನಾನು ಹೇಳ್ದೆ ಅನ್ಬೇಡ."

ಓಡಿದೆ. "ನಡಿ ಆಸ್ಪತ್ರೆಗೆ, ಈಗಲೇ."

"ನಾಳೆ ಶುಕ್ರವಾರ. ಪೂಜೆ ಮುಗಿಸಿ ಬರ್ತೀನಿ. ಮಿಕಾಯೇಲ್ ಆಣೆ, ಬರ್ತೀನಿ."

"ಈಗ ಅಂದ್ರೆ ಈಗ."

"ನಾಳೆ ಅಂದ್ನಲ್ಲ. ಕೈ ಬಿಡು, ಹಿಟ್ಟು ಹುಳಿ ಬಂದ್ಬಿಡುತ್ತೆ."

ಬಿಟ್ಟೆ. ನಾಳೆ ಬೆಳಿಗ್ಗೆ ಕೊಂಬೊಲ್ಚಾದ ಬಾಡಿಗೆ ಟ್ರಿಪ್ ಕೂಡ ಇದೆ. ಮಧ್ಯಾಹ್ನ ಕರೆದುಕೊಂಡು ಹೋದರಾಯಿತು ಅಂದುಕೊಂಡೆ.

ಮೆಗಾಬಿತ್ 27. ಆಸ್ಪತ್ರೆ ವರಾಂಡ.

ಎಂಟು ದಿನ ಪುಸ್ತಕ ಮುಟ್ಟಿಲ್ಲ. ಇವತ್ತು ಬರೆಯಬಹುದು. ಅಮ್ಮ ನರ್ಸಿಗೆ ಬೈದಳು. ಅಂದರೆ ಬದುಕಿದಳು.

ಶುಕ್ರವಾರ ಇಪ್ಪತ್ತೊಂದನೇ ಸಲ ಬಗ್ಗಿದವಳು ಏಳಲಿಲ್ಲವಂತೆ. ಹಣೆ ನೆಲದ ಮೇಲೆ, ಹಾಗೇ. ಸುತ್ತಲಿನವರು ಏನು ಭಕ್ತಿ, ಏನು ಭಕ್ತಿ ಅಂತ ಪಕ್ಕಕ್ಕೆ ಸರಿದು ಜಾಗ ಬಿಟ್ಟರಂತೆ! ಒಬ್ಬ ಮುದುಕಿ ಅವಳ ಶಾಲಿನ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳಂತೆ. ಕಾಲು ಗಂಟೆ. ಕೊನೆಗೆ ಎತಿಯೆ ಜೆವ್ಡಿತು ಅವರೇ ಭುಜ ಹಿಡಿದು ತಿರುಗಿಸಿದ್ದು. ಬಾಯಿಂದ ಕಾಫಿ ಚರಟದಂಥ ವಾಂತಿ.

ಹೊಟ್ಟೆಯಲ್ಲಿ ಹುಣ್ಣು, ಅದರಿಂದ ರಕ್ತ. ಮೂರು ಬಾಟಲಿ ಕೊಟ್ಟರು. ಒಂದು ನನ್ನದು. ಡಾಕ್ಟರ್ ಬೈಯಲಿಲ್ಲ, ಅದೇ ಕಷ್ಟವಾಯಿತು. "ಒಳ್ಳೇ ಮಾತ್ರೆನೇ ಅದು. ಊಟದ ಮೇಲೆ, ಕಡಿಮೆ ಪ್ರಮಾಣ, ಕಡಿಮೆ ದಿನ. ಇವರಿಗೆ ನಾಲ್ಕನೇದೂ ಹೇಳ್ಬೇಕಿತ್ತು, ಹೊಟ್ಟೆ ಕಾಯೋ ಮಾತ್ರೆ ಜೊತೆಗೆ ಅಂತ. ನಾವೂ ಬರೀಲಿಲ್ಲ" ಅಂದರು. ಲಕೋಟೆಯ ಮೂರನೇ ಸಾಲಿನ ವಿಷಯ ಅವರಿಗೆ ಹೇಳಿದೆ. ಯಾರಿಗಾದರೂ ಹೇಳಬೇಕಿತ್ತು.

ಇನ್ನು ಮುಂದೆ ಬಿಳಿಯೂ ಇಲ್ಲ, ಕೆಂಪೂ ಇಲ್ಲ. ಯಾವತ್ತೂ.

ಸಂಜೆ ಅಬ್ಬಾ ಬಂದರು. ಅಮ್ಮ ಮುಸುಕು ಎಳೆದುಕೊಂಡು ಅತ್ತಳು. ಹರಕೆ ಅರ್ಧಕ್ಕೆ ನಿಂತಿತಂತೆ, ಮಗನಿಗೆ ರಸ್ತೆಯಲ್ಲಿ ಏನಾದರೂ ಆದರೆ ಏನು ಗತಿಯಂತೆ. ರಕ್ತ ಹೋಗಿದ್ದು ಅವಳಿಗೆ, ಭಯ ನನ್ನ ಬಗ್ಗೆ.

"ಹರಕೆ ಯಾರ ಸಲುವಾಗಿ?" ಅಂದರು ಅಬ್ಬಾ.

"ಇವನ ಸಲುವಾಗಿ."

"ಇವನಿಗೆ ಮಂಡಿ ಇದೆಯಲ್ಲ?"

ಇಬ್ಬರೂ ನನ್ನ ಕಾಲು ನೋಡಿದರು.

ಮಿಯಾಜಿಯಾ ತಿಂಗಳು 4

ಅಮ್ಮ ಮನೆಗೆ ಬಂದು ಎರಡು ದಿನ. ಹೊಟ್ಟೆ ಹುಣ್ಣಿಗೆ ಹೊಸ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಈ ಸಲ ಲಕೋಟೆಯನ್ನು ದೀಪದ ಕೆಳಗೆ ಹಿಡಿದು ಕೊನೆಯ ಅಕ್ಷರದ ತನಕ ಗಟ್ಟಿಯಾಗಿ ಓದಿದೆ. ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ.

ಓದಬಾರದಿತ್ತು.

"ನೋಡ್ದಾ! ಖಾಲಿ ಹೊಟ್ಟೇಲಿ! ನಾನೇನು ಹೇಳ್ತಿದ್ದೆ?"

"ಇದು ಬೇರೆ ಮಾತ್ರೆ ಕಣಮ್ಮ."

"ಮಾತ್ರೆ ಅಂದ್ರೆ ಮಾತ್ರೆ. ಜೆವ್ಡಿತು, ಬಾರೇ ಇಲ್ಲಿ, ಕೇಳು ಇವನು ಓದೋದನ್ನ!"

ಕ್ಯಾಪ್ಸೂಲ್ ನುಂಗಿ ಅರ್ಧ ಗಂಟೆಗೆ ಬಾರ್ಲಿ ಗಂಜಿ ಕೊಡಬೇಕು. ಒಂದೊಂದು ಚಮಚಕ್ಕೂ ನನ್ನನ್ನು ಪಾಪಿ ಅನ್ನುತ್ತಾಳೆ. ಅಬ್ಬಾ ಹೇಳಿದ್ದು ಅಂದರೆ ಅವರನ್ನೂ ಸೇರಿಸುತ್ತಾಳೆ.

ಮಿಯಾಜಿಯಾ 13

ದಿನಾ ನಲವತ್ತೊಂದು, ಅಮ್ಮನ ಬದಲು ನಾನು. ಮೊದಲ ದಿನ ಹದಿನೇಳಕ್ಕೆ ಕಣ್ಣು ಕತ್ತಲೆ. ಮುದುಕಿಯರು ಪಕ್ಕದಲ್ಲಿ ನೀರು ಕುಡಿದಷ್ಟು ಸುಲಭವಾಗಿ ಬಗ್ಗಿ ಏಳುತ್ತಾರೆ. ಒಬ್ಬಳು, "ಪೂರ್ತಿ ಬಗ್ಗು ಮರಿ, ಕಾಸು ಬಿದ್ದಿದೆಯಾ ಅಂತ ನೋಡೋ ಥರ ಬಗ್ಬೇಡ" ಅಂದಳು.

ಇಂಥ ಮಂಡಿಯಲ್ಲಿ ಅಮ್ಮ ಒಲೆ ಮುಂದೆಯೂ ಕೂರುತ್ತಿದ್ದಳಲ್ಲ... ಎತ್ತರದ ಸ್ಟೂಲು ತಂದು ಒಲೆಯನ್ನು ಕಲ್ಲಿನ ಮೇಲೆ ಏರಿಸಿದೆ. ಡಾಕ್ಟರ್ ಹೇಳಿದ ಸಾದಾ ನೋವಿನ ಮಾತ್ರೆ, ಅದೂ ಎಣಿಸಿ ನಾನೇ ಕೊಡುತ್ತೇನೆ. ಬಿಸಿನೀರಿನ ಬಟ್ಟೆ. ನೋವು ಅರ್ಧ ಇಳಿದಿದೆಯಂತೆ. ಸ್ಟೂಲಿಗೂ ಬೈದಳು.

ಮಿಯಾಜಿಯಾ 25, ಶುಕ್ರವಾರ, ಸಂಜೆ

ಯೇಸುವನ್ನು ಶಿಲುಬೆಗೇರಿಸಿದ ದಿನ. ಇವತ್ತು ಲೆಕ್ಕವೇ ಇಲ್ಲ, ಬೆಳಿಗ್ಗೆಯಿಂದ ಬಗ್ಗುವುದು ಏಳುವುದು. ಕೊನೆಗೆ ಅಬ್ಬಾ ಆಲಿವ್ ಕೊಂಬೆಯಿಂದ ಬೆನ್ನಿಗೆ ತಟ್ಟಿ, ಪ್ರಾಯಶ್ಚಿತ್ತಕ್ಕೆ ಇನ್ನೂ ನೂರು ಸಲ ಬಗ್ಗು ಅಂದರು. ಗೇಟಿನ ಒಂದು ಮೆಟ್ಟಿಲು ಇಳಿಯಲು ಕಂಬ ಹಿಡಿದೆ. ನಾಳೆ ಕ್ಲಚ್ ಒತ್ತುವುದು ಹೇಗೋ.

ಅಮ್ಮ ಶಿರೋ ಸಾರು ಬಡಿಸಿಟ್ಟು ಕಾಯುತ್ತಿದ್ದಳು. "ನೋವಾ?"

"ಇಲ್ಲ."

"ಸುಳ್ಳು. ನಡಿಗೆ ನನ್ನ ಹಾಗೇ ಆಗಿದೆ." ಶಾಲಿನ ತುದಿಯ ಗಂಟು ಬಿಚ್ಚಿದಳು. ಕತ್ತರಿಯಲ್ಲಿ ಕತ್ತರಿಸಿದ ಸ್ಟ್ರಿಪ್ಪಿನ ತುಂಡು. ಒಂದು ಬಿಳಿ ಮಾತ್ರೆ. ಅದೇ. "ತಗೋ. ಊಟ ಆದ್ಮೇಲೆ ತಗೋ, ಈಗ ನಂಗೂ ಗೊತ್ತು."

"ಇದೆಲ್ಲಿತ್ತು?"

"ಇತ್ತು."

"ಬಂದ್ಮೇಲೆ ತಗೊಂಡಿದೀಯಾ?"

"ನಿನ್ನ ತಲೆ ಮೇಲಾಣೆ, ಇಲ್ಲ."

"ಮತ್ತೆ ಯಾಕಿಟ್ಕೊಂಡೆ?"

"ಇದ್ರೆ ಒಂದು ಧೈರ್ಯ. ಇನ್ನು ಫಾಸಿಕಾ ಬೆಳಿಗ್ಗೆ ಒಂದೇ ಒಂದು ಸಲ ಮಿಕಾಯೇಲ್ ಮುಂದೆ ನಾನೇ ಬಗ್ಬೇಕು ಅಂತಿತ್ತು..."

ಕಿತ್ತುಕೊಂಡೆ. ಕುಂಟುತ್ತಾ ಹೋಗಿ ಪಾಯಿಖಾನೆ ಗುಂಡಿಗೆ ಎಸೆದು ಬಂದೆ. ಅವಳು ಆರಾಮವಾಗಿ ಇಂಜೆರಾ ಮುರಿಯುತ್ತಿದ್ದಳು. ಅಳಲಿಲ್ಲ. ಬೈಯಲೂ ಇಲ್ಲ. ಅದೇ ನನಗೆ ಸರಿ ಕಾಣಲಿಲ್ಲ.

ಸ್ಟ್ರಿಪ್ಪಿಗೆ ಹತ್ತು. ಕತ್ತರಿಸಿ ಒಂದು ತೆಗೆದಿದ್ದಾಳೆ. ಉಳಿದವು ಎಲ್ಲಿ? ಹಿಟ್ಟಿನ ಡಬ್ಬ ನೋಡಿದೆ. ಹಾಸಿಗೆ ಕೆಳಗೆ ನೋಡಿದೆ. ಮರಿಯಮ್ಮನ ಪಟದ ಹಿಂದೆ ಕೂಡ. ಈಗ ಕೂತು ಬರೆಯುತ್ತಿದ್ದೇನೆ, ಮಂಡಿ ಮಡಚಲು ಬರುತ್ತಿಲ್ಲ. ಎದ್ದು ಪಕ್ಕದ ಮನೆಗೆ ಹೋಗಬೇಕು, ಅಮ್ಮನಿಗೂ ಹಾಗೇ ಹೇಳಿದೆ. ಅಮ್ಮ ಕಿಟಕಿಯ ಹತ್ತಿರ ಇದ್ದಾಳೆ. ಮೆಲ್ಲಗೆ ಕರೆಯುತ್ತಿದ್ದಾಳೆ, ನನಗೆ ಕೇಳುವುದಿಲ್ಲ ಅಂದುಕೊಂಡು — "ಜೆವ್ಡಿತು... ಏ ಜೆವ್ಡಿತು... ಇವನು ಬರ್ತಿದಾನೆ, ಅದನ್ನ ಬೇಗ ತೆಗೆದು —"